ಎರಡೂ ತುದಿ ಕೆಂಪಾದ ಬ್ಯಾಟರಿಯ ಬಗ್ಗೆ ಕಿಡಿರಾಜ ಕಂಪನಿಗೆ

ಮಾನ್ಯರೇ,

ಸಕಲ ಕಿಡಿಗಳ ಒಡೆಯರೂ, ಮುದಿ ಎಂಜಿನ್ನುಗಳಿಗೆ ಮರುಪ್ರಾಣ ಕೊಡುವ ಧನ್ವಂತರಿಗಳೂ ಆದ ಕಿಡಿರಾಜ ಇಗ್ನಿಷನ್ ಕಂಪನಿಯ ಮಹಾಪ್ರಭುಗಳಿಗೆ, ಇಪ್ಪತ್ತು ವರ್ಷ ರಂಗದ ಮೇಲೆ ರಾವಣನಾಗಿ ಯಾರಿಗೂ ಬಾಗದ ಸಾರವಾಡದ ಭಾಗಪ್ಪನು ಇಂದು ಹತ್ತೂ ತಲೆಗಳನ್ನು ಒಟ್ಟಿಗೇ ಬಾಗಿಸಿ ಮಾಡುವ ವಂದನೆಗಳು.

ನಮ್ಮ ಪೆಟ್ರೋಲ್ ಟ್ರ್ಯಾಕ್ಟರು ನನಗಿಂತ ಎರಡು ವರ್ಷ ಹಿರಿಯದು. ಅದರೊಳಗೆ ಕಿಡಿ ಹುಟ್ಟಿಸುವ ‘ಪಾಯಿಂಟು’ ಎಂಬ ಎರಡು ಪುಟ್ಟ ಲೋಹದ ತುಟಿಗಳಿದ್ದು, ಅವು ಮಸಿ ಹಿಡಿದ ಕೂಡಲೇ ಮಾತು ಮರೆತ ನಟನಂತೆ ಟ್ರ್ಯಾಕ್ಟರು ನಡುದಾರಿಯಲ್ಲಿ ನಿಂತುಬಿಡುತ್ತದೆ. ಆಗ ಯಾರಾದರೂ ಇಳಿದು, ಕಡ್ಡಿಪೆಟ್ಟಿಗೆಯ ಗೀರುವ ಬದಿಯಿಂದ ತುಟಿಗಳನ್ನು ಉಜ್ಜಿ, ನಡುವೆ ಒಂದು ಲಗ್ನಪತ್ರಿಕೆ ತೂರಿಸಿ ಸಂದಿಯ ಅಳತೆ ಸರಿಮಾಡಬೇಕು. ಇಷ್ಟು ವರ್ಷ ಅದು ನಡೆಯಿತು. ಆದರೆ ನನ್ನ ಮಗಳು ವಿಶಾಖಾ ತನ್ನ ಮದುವೆಗೆ, ಅಥಣಿ ರಸ್ತೆಯ ಮಂಟಪದವರೆಗೆ, ಇದನ್ನು ತಾನೇ ಓಡಿಸುವುದಾಗಿ ಹಟ ಹಿಡಿದಳು. “ಕಾರಿನ್ಯಾಗ ಕುಂದರಿಸಿ ಕಳಸಾಕ ನಾ ಏನ್ ಪಾರ್ಸಲ್ ಏನ್ ಯಪ್ಪಾ? ಆದ್ರ ದಾರ್ಯಾಗ ನಿಂತು, ಫೋಟೋದಾಗ ನನ್ನ ಕೈ ಕರ್ರಗ ಬಂದ್ವಂದ್ರ ನಿನ್ನ ಮಾತಾಡ್ಸಂಗಿಲ್ಲ ನೋಡು” ಎಂದಳು.

ಆಗ ಪಾಯಿಂಟುಗಳ ಬದಲಿಗೆ ಕೂಡಿಸುವ ತಮ್ಮ ಎಲೆಕ್ಟ್ರಾನಿಕ್ ಕಿಟ್ಟಿನ ಮೊರೆಹೊಕ್ಕೆನು. ಆಹಾ, ಎಂಥ ಅರ್ಜಿ ನಮೂನೆ ತಮ್ಮದು, ಹತ್ತೊಂಬತ್ತು ಪ್ರಶ್ನೆಗಳು! ಆ ತುಟಿಗಳು ಕೂತಿರುವ ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯ ನಂಬರು ಕೇಳಿದ್ದೀರಿ. ಅದು ಪ್ರತಿ ದಸರೆಯ ಖಂಡೇಪೂಜೆಯಲ್ಲಿ ನನ್ನ ತಾಯಿ ಸೀತವ್ವ ಎಣ್ಣೆಯಲ್ಲಿ ಕಲಸಿ ಬಳಿದ ಕುಂಕುಮದ ಅಡಿಯಲ್ಲಿ ಸಮಾಧಿಯಾಗಿತ್ತು. ಕೆರೆಯಲು ಹೋದರೆ “ನಾ ಜಲ್ಮೆಲ್ಲಾ ಹಚ್ಚಿದ್ದನ್ನ ನೀ ಒಂದ ಮುಂಜಾನಿ ಕೆರದ ಒಗೀತಿ ಏನೋ ಬಾಡ್ಯಾ?” ಎಂದು ಮೊರ ಎತ್ತಿದಳು. ಹೀಗಾಗಿ ನಂಬರಿನ ಜಾಗದಲ್ಲಿ ‘ಕೆಂಪು’ ಎಂದು ಬರೆದೆನು.

ಮೂರು ನಮೂನೆಯ ಕಿಟ್ಟುಗಳಲ್ಲಿ ಯಾವುದೆಂದು ತಿಳಿಯಲು ತಮ್ಮ ಅಧಿಕಾರಿಯೊಬ್ಬರು ಫೋನಿನಲ್ಲಿ, ಬ್ಯಾಟರಿಯ ಯಾವ ತುದಿ ಟ್ರ್ಯಾಕ್ಟರಿನ ಮೈಗೆ ಕೂಡಿದೆ, ಕೆಂಪೋ ಕಪ್ಪೋ ಎಂದು ಜೇನಿನಂಥ ದನಿಯಲ್ಲಿ ಕೇಳಿದರು. ನೋಡಿದೆನು, ಕೆಂಪು ಎಂದೆನು. ಹಾಗಾದರೆ ಪ್ಲಸ್ಸು ಎಂದು ಅವರು ಅದಕ್ಕೆ ತಕ್ಕ ಕಿಟ್ಟನ್ನೇ ಕಳಿಸಿದರು. ಆ ಇನ್ನೊಂದು ತುದಿಯ ಬಣ್ಣ ಯಾವುದೆಂದು ಅವರು ಕೇಳಲಿಲ್ಲ, ಪ್ರಭುಗಳೇ. ಕೇಳಿದ್ದರೆ ಅದೂ ಕೆಂಪೇ ಎಂದು ಹೇಳುತ್ತಿದ್ದೆನು. ಸೀತವ್ವ ಪೂಜೆಯಲ್ಲಿ ಒಂದು ತುದಿಗೆ ಹಚ್ಚಿ ಇನ್ನೊಂದನ್ನು ಬರಿದೇ ಬಿಡುವ ಪಕ್ಷಪಾತಿಯಲ್ಲ.

ಮದುವೆಯ ಮುನ್ನಾದಿನ ತಿಕೋಟಾದಿಂದ ಬಂದ ಜಾವೀದ ಮೇಸ್ತ್ರಿ “ಇಷ್ಟ ದೊಡ್ಡ ಕಂಪನಿ, ಎಲ್ಲಾ ವಿಚಾರಿಸೇ ಕಳಿಸಿರ್ತಾರ ಬಿಡ್ರಿ ಕಾಕಾ” ಎಂದು ತಮ್ಮ ಮೇಲಿನ ಭಕ್ತಿಯಿಂದ ಪರೀಕ್ಷೆ ಮಾಡದೆ ಕೂಡಿಸಿದನು. ಕೀಲಿ ತಿರುವಿದೊಡನೆ, ನಾವು ನಾಟಕದಲ್ಲಿ ನಾರದನ ಪ್ರವೇಶಕ್ಕೆ ಎಬ್ಬಿಸುತ್ತಿದ್ದುದಕ್ಕಿಂತ ದಟ್ಟವಾದ ಹೊಗೆ ಎದ್ದಿತು. ನಾರದ ಮಾತ್ರ ಬರಲಿಲ್ಲ. ಆಮೇಲೆ ಮೀಟರು ಹಿಡಿದ ಜಾವೀದ, ಮೈಗೆ ಕೂಡಿದ್ದು ಮೈನಸ್ಸು ಎಂದು ತಣ್ಣಗೆ ಸಾರಿ, ಹಳೆಯ ಪಾಯಿಂಟುಗಳನ್ನೇ ಮತ್ತೆ ಹಾಕಿದನು.

ಮರುದಿನ ಮಂಟಪ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಟ್ರ್ಯಾಕ್ಟರು ನಿಂತಿತು. ನಾನು ಇಳಿಯುವ ಮೊದಲೇ ಮದುಮಗ ದೇವಾನಂದ ಬಾಸಿಂಗ ಕಟ್ಟಿಕೊಂಡೇ ಓಡಿಬಂದನು. ಇಳಕಲ್ ಸೀರೆಯ ನನ್ನ ಮಗಳು ಸೀಟಿನಿಂದ ಕದಲದೆ, “ಕಡ್ಡಿಪೆಟ್ಟಿಗಿ ತಗೋರಿ. ಉಜ್ಜರಿ. ಕುಸ್ತಿ ಅಲ್ರಿ, ಹಲ್ಲ ತಿಕ್ಕಿದಂಗ” ಎಂದು ನಿರ್ದೇಶನ ಕೊಟ್ಟಳು, ಅವನು ತನ್ನದೇ ಲಗ್ನಪತ್ರಿಕೆಯಿಂದ ಸಂದಿ ಅಳೆದನು. ಎಂಜಿನ್ನು ಗುಡುಗಿತು. ಫೋಟೋಗಳಲ್ಲಿ ಮಗಳ ಕೈ ಹಾಲಿನಂತಿವೆ, ಅಳಿಯನವು ಇದ್ದಲಿನಂತಿವೆ, ಮತ್ತು ಅವಳು ನನ್ನೊಡನೆ ಮಾತಾಡುತ್ತಿದ್ದಾಳೆ. ತಮ್ಮ ಕಿಟ್ಟು ಸುಡದಿದ್ದರೆ ಇಂಥ ಅಳಿಯನ ಗುಣ ನಮಗೆ ಹೇಗೆ ತಿಳಿಯಬೇಕಿತ್ತು?

ಆದ್ದರಿಂದ ದಯಾಳುಗಳು ನಮೂನೆಗೆ ‘ಎರಡೂ ಕೆಂಪೇ?’ ಎಂಬ ಇಪ್ಪತ್ತನೆಯ ಪ್ರಶ್ನೆ ಸೇರಿಸಬೇಕು. ಅದು ಕಷ್ಟವಾದರೆ ಜಗತ್ತಿನ ಪ್ಲಸ್ಸುಗಳಿಗೆಲ್ಲ ಮುಂದಿನ ದಸರೆಯೊಳಗೆ ಹಸಿರು ಬಣ್ಣ ಬಳಿಸಬೇಕು. ಅದೂ ಆಗದಿದ್ದರೆ ತಮ್ಮ ಹಿರಿಯ ಎಂಜಿನಿಯರರೊಬ್ಬರು ಖುದ್ದಾಗಿ ಬಂದು, ಮೊರದ ಏಟಿಗೆ ಸಿಗದಷ್ಟು ದೂರದಲ್ಲಿ ನಿಂತು, ಸೀತವ್ವನಿಗೆ ತಿಳಿಹೇಳಬೇಕೆಂದು ಬೇಡಿಕೊಳ್ಳುವ,

ತಮ್ಮ ವಿಶ್ವಾಸಿ, ಹೊಗೆ ತಿಂದರೂ ನಗುತ್ತಿರುವ
ಭಾಗಪ್ಪ, ಸಾರವಾಡ

ತಾ.ಕ.: ಸುಟ್ಟ ಕಿಟ್ಟನ್ನು ಬದಲಿಸಿಕೊಡಿರೆಂದು ಮೊದಲೇ ಹಾಕಿದ ಕಾರ್ಡಿಗೆ, ಅದರ ಮೇಲಿನ ನಂಬರು ಬೇಕೆಂದು ಉತ್ತರ ಬರೆದಿದ್ದೀರಿ. ತಮ್ಮ ಪತ್ರ ಬರುವ ಮೊದಲೇ ದಸರೆ ಬಂದುಹೋಯಿತು, ಸುಟ್ಟದ್ದೆಂದು ಸೀತವ್ವ ಅದನ್ನೂ ಬಿಡಲಿಲ್ಲ. ನಂಬರಿನ ಜಾಗದಲ್ಲಿ ‘ಕೆಂಪು’ ಎಂದು ಬರೆದು ಕಳಿಸಿದ್ದೇನೆ. ಹೋದ ಸಲ ಆ ಉತ್ತರವನ್ನು ತಾವು ಕೂಡಲೇ ನಂಬಿದ್ದಿರಿ.