ಡಬ್ಬಿಯ ಪೈ ಮತ್ತು ವಾಲ್ಟರನ ನಾಲಿಗೆ

ಆ ಭಾನುವಾರ ಸಂಜೆ ರೆಡೊಂಡೊ ಬೀಚಿನ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ನಡೆದಿದ್ದರೆ ನೆನಪಿಟ್ಟುಕೊಳ್ಳಲು ಸುಲಭವಾಗುತ್ತಿತ್ತು. ನನ್ನ ಹೆಂಡತಿ ಸುಮತಿ ಎಂದಿನಂತೆ ಐದು ಪ್ಲಾಸ್ಟಿಕ್ ಡಬ್ಬಿಗಳಿಗೆ ಟೇಪು ಅಂಟಿಸಿ, ಸೋಮವಾರದಿಂದ ಶುಕ್ರವಾರದವರೆಗೆ ಹೆಸರು ಬರೆದು, ಐಸ್ ಪೆಟ್ಟಿಗೆಯಲ್ಲಿ ಜೋಡಿಸಿದಳು. “ಗುರುವಾರದ್ದರಲ್ಲಿ ಬಂಗುಡೆ ಉಂಟು. ಮುಳ್ಳು ನೋಡಿ ತಿನ್ನಿ, ಟಿವಿ ನೋಡಿಕೊಂಡು ತಿನ್ಬೇಡಿ” ಅಂದಳು. “ಆಯ್ತು ಮಾರಾಯ್ತಿ” ಎಂದು ನಾನು ಕಾರು ಹತ್ತಿದೆ. ಮಂಗಳವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಕುಸಿದವಳು ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡಳು. ನಾನು ಅವಳಿಗೆ ಎದುರು ನಿಂತು ಹೇಳಿದ ಕೊನೆಯ ಮಾತು ಸುಳ್ಳು. ಆ ಐದು ಡಬ್ಬಿಗಳಲ್ಲಿ ಒಂದನ್ನೂ ತಿನ್ನುವ ಉದ್ದೇಶ ನನಗಿರಲಿಲ್ಲ.

ಗಂಡಸರಿಗೆ ಒಂದಲ್ಲ ಒಂದು ಗುಟ್ಟಿನ ಚಟ ಇರುತ್ತದೆ. ಕೆಲವರು ಕುಡಿಯುತ್ತಾರೆ, ಕೆಲವರು ಕುದುರೆಗೆ ಹಣ ಕಟ್ಟುತ್ತಾರೆ. ಹೇಳಿಕೊಂಡರೆ ಕೇಳುವವರು ಒಂದಿಷ್ಟು ಗೌರವವನ್ನಾದರೂ ಕೊಡುತ್ತಾರೆ. ನನ್ನ ಚಟ ಡಬ್ಬಿಯಲ್ಲಿ ಬರುವ ಮಾಂಸದ ಪೈ. ಅದೂ ಕೋಳಿಯದೇ, ಇನ್ನೊಂದಲ್ಲ; ನಾಚಿಕೆಗೂ ಒಂದು ಎಲ್ಲೆ ಇಟ್ಟುಕೊಂಡಿದ್ದೆ. ಊಟದ ಬಟ್ಟಲಿನಷ್ಟು ಅಗಲದ ತಗಡಿನ ಡಬ್ಬಿ. ಮುಚ್ಚಳ ಕತ್ತರಿಸಿ ತೆಗೆದರೆ ಒಳಗೆ ಹೆಣದ ಬಣ್ಣದ ಹಸಿ ಹಿಟ್ಟು. ಅದನ್ನು ನೋಡಿದವನು ಊಟದ ಆಸೆಯನ್ನೇ ಬಿಡಬೇಕು. ಆದರೆ ಅರ್ಧ ಗಂಟೆ ಓವನ್ನಿನಲ್ಲಿಟ್ಟರೆ ಪೂರಿಯಂತೆ ಉಬ್ಬಿ, ಕೆಂಪಗಾಗಿ, ಚಮಚ ತಾಗಿಸಿದೊಡನೆ ಉಸ್ಸೆಂದು ಹಬೆ ಬಿಡುತ್ತದೆ. ಕೆಳಗೆ ಉಪ್ಪುಪ್ಪಾದ ಗಟ್ಟಿ ಸಾರು, ಅಲ್ಲಲ್ಲಿ ಕೋಳಿ. ಮುಳ್ಳಿಲ್ಲ, ತಟ್ಟೆ ತೊಳೆಯುವ ಕೆಲಸವಿಲ್ಲ, ಹೇಗಿತ್ತೆಂದು ಯಾರೂ ಕೇಳುವುದಿಲ್ಲ.

ಇದು ಶುರುವಾದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ವಿಮಾನದ ಬಿಡಿಭಾಗಗಳನ್ನು ಅಳೆದು ನೋಡುವ ನನ್ನ ಕೆಲಸ ಹೋಗಿ, ಕಾರಿನಲ್ಲಿ ಎರಡು ಗಂಟೆ ದೂರದ ಸ್ಯಾನ್ ಡಿಯೇಗೋದಲ್ಲಿ ಇನ್ನೊಂದು ಸಿಕ್ಕಿತು. ಮಗಳು ನಿಶಾಳ ಶಾಲೆ ಬಿಡಿಸುವುದು ಬೇಡವೆಂದು ಸುಮತಿ ರೆಡೊಂಡೊ ಬೀಚಿನಲ್ಲೇ ಉಳಿದಳು. ನಾನು ವಾರದ ಐದು ದಿನ ಅಲ್ಲಿನ ಯೂನಿವರ್ಸಿಟಿ ಸಿಟಿ ಬಡಾವಣೆಯ ಒಂದು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ, ಉಳಿದೆರಡು ದಿನ ಮನೆಯಲ್ಲಿ. ಮೊದಲ ಕೆಲವು ತಿಂಗಳು ಸುಮತಿಯ ಡಬ್ಬಿಗಳನ್ನು ನಿಯತ್ತಾಗಿ ತಿಂದೆ. ಆಮೇಲೆ, ತಾರೀಖು ಮುಗಿಯುತ್ತ ಬಂದ ಸಾಮಾನನ್ನು ಅಗ್ಗಕ್ಕೆ ಮಾರುವ ಅಂಗಡಿಯೊಂದರಲ್ಲಿ ಪೈಗಳ ರಾಶಿ ಕಂಡಿತು. ಕೆಳಗಿನ ಮನೆಯ ವಾಲ್ಟರ್ ನನ್ನ ಕೈಯಲ್ಲಿ ಪೈ ಡಬ್ಬಿ ಕಂಡು ನಕ್ಕ. ಅವನು ನೌಕಾಪಡೆಯಿಂದ ನಿವೃತ್ತನಾದ ಒಂಟಿ ಮುದುಕ. ಇಂಥ ಪೈಗಳನ್ನು ಜೀವಮಾನಕ್ಕಾಗುವಷ್ಟು ತಿಂದವನು. “ನಿನ್ನ ಅಡುಗೆಮನೆಯಿಂದ ಅಷ್ಟು ಒಳ್ಳೆಯ ವಾಸನೆ ಬರುವಾಗ ಇದನ್ನು ಯಾಕೆ ತಿನ್ನುತ್ತೀ?” ಎಂದು ಕೇಳಿದ. ಮುಜುಗರದಲ್ಲಿ ಬುಧವಾರದ ಡಬ್ಬಿ ಅವನ ಕೈಗಿಟ್ಟೆ. ಮುಂದಿನ ತಿಂಗಳ ಹೊತ್ತಿಗೆ ಐದೂ ಅವನ ಪಾಲಾದವು.

ಕಷ್ಟ ಇದ್ದದ್ದು ಶನಿವಾರ. ಸುಮತಿ ಪ್ರತಿ ಡಬ್ಬಿಯ ವರದಿ ಕೇಳುತ್ತಿದ್ದಳು. “ಚೆನ್ನಾಗಿತ್ತು” ಎಂದರೆ ಬಿಡುತ್ತಿರಲಿಲ್ಲ. “ಚೆನ್ನಾಗಿತ್ತು ಅಂದ್ರೆ ಎಂತ? ಉಪ್ಪು ಸಾಕಿತ್ತಾ, ಹುಳಿ ಹೆಚ್ಚಾಯ್ತಾ, ಸರಿಯಾಗಿ ಹೇಳಿ.” ನಾನು ಅಳತೆಯ ಕೆಲಸದವನು, ಕೈಯಲ್ಲಿ ಮಾಪನವಿಲ್ಲದೆ ವರದಿ ಕೊಟ್ಟು ಅಭ್ಯಾಸವಿಲ್ಲ. ಆದ್ದರಿಂದ ಶುಕ್ರವಾರ ಹೊರಡುವ ಮುನ್ನ ವಾಲ್ಟರನನ್ನು ಕೇಳಿಕೊಂಡು ಬರತೊಡಗಿದೆ. ಅವನು ಖಾರಕ್ಕೆ ಕಣ್ಣೀರಿಡುವವನು. “ಮೀನು ಅದ್ಭುತ, ಆದರೆ ನಾಲಿಗೆಗೆ ಬೆಂಕಿ ಬಿತ್ತು” ಎನ್ನುತ್ತಿದ್ದ. ನಾನು ಮನೆಗೆ ಬಂದು, “ಬಂಗುಡೆ ಒಳ್ಳೆದಿತ್ತು, ಖಾರ ಸ್ವಲ್ಪ ಜಾಸ್ತಿ” ಎಂದು ಒಪ್ಪಿಸುತ್ತಿದ್ದೆ.

ಸುಮತಿ ಮೊದಲು ಕಣ್ಣರಳಿಸಿದಳು. “ನಿಮಗೆ ಖಾರ ಜಾಸ್ತಿಯಾ? ಮದುವೆಯಾದ ಹೊಸತರಲ್ಲಿ ನನ್ನ ಅಮ್ಮನ ಸಾರಿಗೆ ಖಾರ ಇಲ್ಲ ಅಂತ ಮುಖ ಊದಿಸಿದವರಲ್ವಾ ನೀವು?” ಎಂದಳು. ಆಮೇಲೆ ನಕ್ಕು, “ವಯಸ್ಸಾಯ್ತು ಮಾರಾಯ್ರೆ, ನಾಲಿಗೆ ಪೆನ್ಶನ್ ತಗೊಂಡಿದೆ” ಎಂದಳು. ನಕ್ಕಳಷ್ಟೇ ಅಲ್ಲ, ಮೆಣಸು ಕಡಿಮೆ ಮಾಡಿದಳು. ವಾಲ್ಟರ್ ಇನ್ನೂ ಕೊಂಚ ಕಡಿಮೆ ಇರಲಿ ಎಂದ; ಅವಳು ಇನ್ನೂ ಕೊಂಚ ಕಡಿಮೆ ಮಾಡಿದಳು. ಕಾಯಿಹಾಲು ಹೆಚ್ಚಿದರೆ ಚೆನ್ನ ಎಂದ, ಹೆಚ್ಚಿತು. ಒಂದೇ ಮನೆಗೆ ಎರಡು ಪಾತ್ರೆ ಇಡುವುದು ಅವಳ ಜಾಯಮಾನವಲ್ಲ. ಹೀಗಾಗಿ ಶನಿವಾರ, ಭಾನುವಾರದ ಊಟವೂ ಅದೇ ರುಚಿಗೆ ಇಳಿಯಿತು. ಸುಮತಿ ತನ್ನ ತಟ್ಟೆಯ ಪಕ್ಕದಲ್ಲಿ ಎರಡು ಹಸಿಮೆಣಸು ಇಟ್ಟುಕೊಂಡು, ತುತ್ತಿಗೊಮ್ಮೆ ಕಚ್ಚಿ ಉಣ್ಣುತ್ತಿದ್ದಳು. ನಾನು ಎದುರು ಕುಳಿತು ನೋಡುತ್ತಿದ್ದೆ. ಎರಡು ವರ್ಷ ನೋಡಿದೆ. ಒಂದು ಮಾತು ಸಾಕಿತ್ತು. ಆದರೆ ಆ ಮಾತಿನ ಹಿಂದೆಯೇ ಪೈ ಹೊರಗೆ ಬರುತ್ತಿತ್ತು.

ನಮ್ಮ ಕಡೆ ಸಾವಿನ ಹದಿಮೂರನೆಯ ದಿನದ ವಿಧಿ ಮುಗಿದ ಮೇಲೆ, ಹೋದವರಿಗೆ ಇಷ್ಟವಾದ ಮೀನು, ಕೋಳಿ ಮಾಡಿ ಎಲೆ ಬಡಿಸುವುದುಂಟು. ಎಲ್ಲ ನಿಭಾಯಿಸಲು ಕಲ್ವರ್ ಸಿಟಿಯಿಂದ ನನ್ನ ದೊಡ್ಡಮ್ಮನ ಮಗಳು ವಸಂತಿ ಅಕ್ಕ ಬಂದಿದ್ದಳು. “ಸುಮತಿಗೆ ಯಾವುದು ಇಷ್ಟ ಹೇಳು ಮಾರಾಯ” ಎಂದಳು. ನಾನು ಬಾಯಿ ತೆರೆಯುವ ಮೊದಲೇ ನಿಶಾ, “ಬಂಗುಡೆ ಸಾರು. ಐ ನೋ ಹೌ ಅಮ್ಮ ಮೇಡ್ ಇಟ್” ಎಂದು ಸೆರಗಿನಂತೆ ಟವೆಲು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತಳು. ಅವಳು ಅಮ್ಮನ ಪಕ್ಕ ನಿಂತು ಅಡುಗೆ ಕಲಿತದ್ದು ಆ ಎರಡು ವರ್ಷಗಳಲ್ಲೇ. ನಾಲ್ಕೇ ನಾಲ್ಕು ಮೆಣಸು ಹಾಕಿದಳು. ಅಕ್ಕ, “ಇದೆಂತ ಮಗಾ, ಬಾಣಂತಿ ಸಾರಾ?” ಎಂದಳು. “ನೋ ಆಂಟಿ, ಅಪ್ಪನಿಗೆ ಖಾರ ಆಗಲ್ಲ. ಅಮ್ಮ ಆಲ್ವೇಸ್ ಸೆಡ್ ಸೋ” ಎಂದಳು ನಿಶಾ. ಅಕ್ಕ ನನ್ನತ್ತ ತಿರುಗಿ, “ಹೌದಾ?” ಎಂದಳು.

ಈಗಲಾದರೂ ಹೇಳಬೇಕಿತ್ತು. ಮಗಳು ಅಳು ತಡೆದುಕೊಂಡು ಸಾರು ತಿರುವುತ್ತಿದ್ದಳು. ಅಮ್ಮನಿಂದ ಅವಳಿಗೆ ಬಂದ ಒಂದೇ ಅಡುಗೆ ಅದು. “ಹೌದು” ಎಂದೆ. ಹೀಗೆ ನನ್ನ ಹೆಂಡತಿಯ ಎಲೆಗೆ ವಾಲ್ಟರನ ಸಾರು ಬಡಿಸಿದೆವು. ಹೋದವಳು ಬಂದು ಉಣ್ಣಲೆಂದು ನಾವೆಲ್ಲ ಹೊರಗೆ ನಿಂತು ಬಾಗಿಲು ಎಳೆದುಕೊಂಡೆವು. ಒಳಗೆ ಅವಳು ಬಂದಿದ್ದರೆ ಹಸಿಮೆಣಸು ಹುಡುಕಿರುತ್ತಾಳೆ. ಅದನ್ನು ಇಡಲು ಕೂಡ ನನಗೆ ಹೊಳೆಯಲಿಲ್ಲ.

ಸ್ಯಾನ್ ಡಿಯೇಗೋಗೆ ಹಿಂತಿರುಗಿದಾಗ ವಾಲ್ಟರ್ ಟೋಪಿ ಕೈಯಲ್ಲಿ ಹಿಡಿದು ಬಂದ. “ನಿನ್ನ ಹೆಂಡತಿ ಆರಂಭದಲ್ಲಿ ಖಾರದಲ್ಲಿ ನನ್ನನ್ನು ಸಾಯಿಸುತ್ತಿದ್ದಳು. ಆಮೇಲೆ ಹೇಗೋ ಏನೋ, ನನ್ನ ಹೊಟ್ಟೆ ಅವಳಿಗೆ ಅರ್ಥವಾಯಿತು” ಎಂದು ಅತ್ತ. ಅವನ ಬೆನ್ನು ತಟ್ಟಿ ಸಮಾಧಾನ ಮಾಡಿದವನು ನಾನು.

ಮುಂದೆ ಒಂದೆರಡು ಬಾರಿ ನಾನೇ ಬಂಗುಡೆ ಸಾರು ಮಾಡಿ ನೋಡಿದೆ. ಹತ್ತು ಮೆಣಸು ಹಾಕಿದೆ, ಇಪ್ಪತ್ತು ಹಾಕಿದೆ. ಬಾಯಿ ಉರಿಯಿತು, ಅಷ್ಟೇ. ಸೋತು ಪೈ ಬಿಸಿ ಮಾಡಿಕೊಂಡೆ. ಅದರ ರುಚಿ ಕೆಟ್ಟಿದ್ದರೆ ಪ್ರಾಯಶ್ಚಿತ್ತವಾಯಿತು ಎಂದುಕೊಳ್ಳಬಹುದಿತ್ತು. ಕೆಟ್ಟಿಲ್ಲ, ಈಗಲೂ ಚಮಚದಲ್ಲಿ ತಳ ಕೆರೆದು ತಿನ್ನುತ್ತೇನೆ. ನಿಶಾ ರಜೆಗೆ ಬಂದಾಗಲೆಲ್ಲ ಅಮ್ಮನ ಸಾರು ಮಾಡುತ್ತಾಳೆ. ನಾನು ಚೆನ್ನಾಗಿದೆ ಎನ್ನುತ್ತೇನೆ. ಸುಮತಿ ಮೊದಲು ತನ್ನ ರುಚಿಗೆ ಮಾಡುತ್ತಿದ್ದ ಸಾರಿಗೆ ಎಷ್ಟು ಮೆಣಸು ಹಾಕುತ್ತಿದ್ದಳೆಂದು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.