ಪಕ್ಕದ ಸೀಟಿನ ಶೀನಪ್ಪಣ್ಣ

ಕಾರಿನ ಎ.ಸಿ.ಯ ಗುಂಡಿಯೇ ಅಂದಿನ ರಗಳೆಗೆ ಮೂಲ. ಕೀರ್ತನ್ ಅದನ್ನು ಹೆಚ್ಚು ಮಾಡಿದರೆ, ಪಕ್ಕದ ಸೀಟಿನ ಶೀನಪ್ಪಣ್ಣ ಕಡಿಮೆ ಮಾಡುತ್ತಿದ್ದರು. ಸಾಲದ್ದಕ್ಕೆ ಕಿಟಕಿಯನ್ನೂ ಇಳಿಸಿದರು. ಶೇಖ್ ಝಾಯೆದ್ ರಸ್ತೆಯ ಮರಳುಗಾಡಿನ ಬಿಸಿಗಾಳಿ ಇಡ್ಲಿ ಅಟ್ಟದ ಮುಚ್ಚಳ ತೆಗೆದಂತೆ ಮುಖಕ್ಕೆ ಬಡಿಯಿತು.

"ಕೀರ್ತನಾ, ಎದುರಿನವ ಬ್ರೇಕ್ ಹಾಕ್ತಾನೆ ನೋಡು."

"ನೋಡಿದೆ ಶೀನಪ್ಪಣ್ಣ."

"ನಿನ್ನ ಮಾವನ ಊರು ಯಾವುದು ಹೇಳಿದ್ದಿ?"

"ಬೆಳ್ಮಣ್. ನಿನ್ನೆಯೂ ಹೇಳಿದ್ದೆ."

"ಬೆಳ್ಮಣ್ಣಿನಲ್ಲಿ ಎಲ್ಲಿ?"

ಡಿಸ್ಕವರಿ ಗಾರ್ಡನ್ಸಿನಲ್ಲಿ ಇಬ್ಬರದೂ ಒಂದೇ ಕಟ್ಟಡ. ಅಲ್ ಮುರಕ್ಕಬಾತಿನಲ್ಲಿ ಇಬ್ಬರ ಆಫೀಸೂ ಒಂದೇ ಬೀದಿಯಲ್ಲಿ. ಮನೆ ಹತ್ತಿರ ಮೆಟ್ರೋ ಇದೆ, ಶೀನಪ್ಪಣ್ಣನ ಕಿಸೆಯಲ್ಲಿ ಅದರ ಕಾರ್ಡೂ ಇದೆ. ಆದರೂ ಕೆಲವು ತಿಂಗಳಿಂದ ಅವರು ಕರೆಯದೆಯೇ ಬಂದು ಕಾರು ಹತ್ತುತ್ತಿದ್ದರು. ಮನೆಯಲ್ಲಿ ರಾತ್ರಿಯಿಡೀ ಅಳುವ ಕೂಸು, ಆಫೀಸಿನಲ್ಲಿ ಬಾಯಿ ಮುಚ್ಚದ ಫೋನು. ಕೀರ್ತನನಿಗೆ ಚೂರು ಮೌನ ಸಿಗಬಹುದಾದ ಜಾಗ ಈ ಕಾರೊಂದೇ.

"ಬರ್ಬೇಡಿ ಅಂತ ಹೇಳು, ಖಲಾಸ್," ಎಂದ, ಆಫೀಸಿನಲ್ಲಿ ಈ ಗೋಳು ಕೇಳಿದ ಸಹೋದ್ಯೋಗಿ ಉಸ್ಮಾನ್.

"ಹಿರಿಯರು ಮಾರಾಯ. ಮುಖ ನೋಡಿ ಹೇಗೆ ಹೇಳುವುದು?"

"ಹಾಗಾದ್ರೆ ಡ್ಯೂಟಿ ಚೇಂಜ್, ನಾಳೆಯಿಂದ ಬೆಳಗ್ಗೆ ಐದಕ್ಕೇ ಹೊರಡ್ಬೇಕು ಅಂತ ಹೇಳು. ಆ ಹೊತ್ತಿಗೆ ಯಾರು ಬರ್ತಾರೆ?"

ಸಂಜೆ ಮನೆಯ ಮುಂದೆ ಕಾರು ನಿಲ್ಲಿಸಿ ಕೀರ್ತನ್ ಹಾಗೆಯೇ ಹೇಳಿದ. ಶೀನಪ್ಪಣ್ಣ ಇಳಿದು, ಕಿಸೆಯಿಂದ ಫೋನು ತೆಗೆಯುತ್ತ ಹೋದರು. ತರಕಾರಿ ಚೀಲ ಹಿಡಿದು ಬರುತ್ತಿದ್ದ ಪಕ್ಕದ ಫ್ಲ್ಯಾಟಿನ ನಫೀಸ ಮಾತ್ರ ನಿಂತುಬಿಟ್ಟರು.

"ಐದಕ್ಕಾ? ಅಲ್ಲಾ! ಮನೆಯಲ್ಲಿ ಭವ್ಯಶ್ರೀಗೆ ಗೊತ್ತುಂಟಾ?"

ಗೊತ್ತಿರಲಿಲ್ಲ. ಕೀರ್ತನ್ ಪಾರ್ಕಿಂಗ್ ಹುಡುಕಿ ಮೇಲೆ ಬರುವಷ್ಟರಲ್ಲಿ ಗೊತ್ತಾಗಿತ್ತು. ಮೇಜಿನ ಮೇಲೆ ನಫೀಸ ಕೊಟ್ಟ ಫ್ಲಾಸ್ಕ್ ಇತ್ತು. ನಾಳೆಯಿಂದ ದಿನಾ ಬೇಗ ಎದ್ದು ಸುಲೈಮಾನಿ ಚಹಾ ಮಾಡಿಕೊಡುವುದಾಗಿ ಅವರು ಮಾತು ಕೊಟ್ಟಿದ್ದರು. ಕೂಸನ್ನು ಹೆಗಲಿಗೆ ಹಾಕಿಕೊಂಡ ಹೆಂಡತಿ ಭವ್ಯಶ್ರೀಯ ಕಣ್ಣು ಒದ್ದೆ.

"ನಿಮ್ಮ ಮ್ಯಾನೇಜರಿಗೆ ನಾನೇ ಫೋನ್ ಮಾಡ್ತೇನೆ!"

ಕೀರ್ತನ್ ಹಾರಿ ಫೋನು ಕಿತ್ತುಕೊಂಡ. "ಎಂತಕ್ಕೆ? ಬೆಳಗ್ಗೆ ಬೇಗ ಹೋದ್ರೆ ಏನಾಗ್ತದೆ?"

"ಕೂಸು ಹುಟ್ಟಿದ ಹೊಸದ್ರಲ್ಲಿ ತೂಕಡಿಸಿ, ಕಾರನ್ನು ಬದಿಯ ಕಂಬಿಗೆ ಉಜ್ಜಿದ್ದು ಮರ್ತುಹೋಯ್ತಾ? ಇವರನ್ನು ಒಂದು ನಿಮಿಷವೂ ಸುಮ್ಮನೆ ಬಿಡ್ಬೇಡಿ ಅಂತ ಶೀನಪ್ಪಣ್ಣನ ಹತ್ರ ಆಮೇಲೆ ನಾನೇ ಕೇಳಿಕೊಂಡದ್ದು. ನಿಮಗೆ ಹೇಳಿದ್ರೆ ಬೇಡ ಅಂತಿದ್ರಿ. ಪಾಪ, ಕಾರಲ್ಲಿ ಕೂತ್ರೆ ಅವರಿಗೆ ಹೊಟ್ಟೆ ತೊಳಸ್ತದೆ. ಆದ್ರೂ ದಿನಾ ಬರ್ತಾರೆ."

ಕೀರ್ತನ್ ಸೋಫಾದಲ್ಲಿ ಕುಸಿದ. ಬೆಳಗಿನ ಕಿಟಕಿ ನೆನಪಾಯಿತು. ನಿಜ ಒಪ್ಪಿಕೊಳ್ಳೋಣ ಎಂದು ಬಾಯಿ ತೆರೆದ. ಬೆಲ್ಲು ಹೊಡೆಯಿತು.

ಬಾಗಿಲಲ್ಲಿ ಶೀನಪ್ಪಣ್ಣ. ಹಿಂದೆ ಹೆಂಡತಿ ವಸಂತಿ, ಕೈಯಲ್ಲಿ ಶುಂಠಿ ಮಿಠಾಯಿಯ ಡಬ್ಬಿ.

"ಹೆದರ್ಬೇಡ ಕೀರ್ತನಾ. ನಮ್ಮ ಸೇಠ್‌ನಿಗೆ ಫೋನ್ ಮಾಡಿ ಬೇಡಿಕೊಂಡೆ. ನನ್ನ ಡ್ಯೂಟಿಯನ್ನೂ ಬೆಳಗಿನ ಜಾವಕ್ಕೇ ಹಾಕಿಸಿಕೊಂಡೆ. ಆ ಹೊತ್ತಿಗೆ ನಿದ್ದೆ ಇನ್ನೂ ಜಾಸ್ತಿ ಎಳೀತದೆ. ನಾನು ಇನ್ನೂ ಜೋರು ಮಾತಾಡ್ಬೇಕಾಗ್ತದೆ."

ಕೀರ್ತನ್ ಬಾಯಿಗೆ ಬಂದ ನಿಜವನ್ನು ನುಂಗಿಕೊಂಡ. "ಕಿಟಕಿ ಇಳಿಸಿಯೇ ಹೋಗುವ, ಶೀನಪ್ಪಣ್ಣ," ಎಂದಷ್ಟೇ ಹೇಳಿದ.

ಅವರು ಅತ್ತ ಹೋದ ಮೇಲೆ ಮೆಲ್ಲನೆ ಬಾಲ್ಕನಿಗೆ ಸರಿದು ಉಸ್ಮಾನನಿಗೆ ಫೋನ್ ಮಾಡಿದ:

"ಮಾರಾಯ, ನಾಳೆಯಿಂದ ನಿಜಕ್ಕೂ ಐದಕ್ಕೇ ಹೊರಡ್ಬೇಕು. ಆಫೀಸಿನ ಬೀಗದಕೈ ಯಾರ ಹತ್ರ ಉಂಟು?"