ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ

ನನಗೆ ಪ್ರಶ್ನೆಗಳೆಂದರೆ ಮೊದಲಿನಿಂದಲೂ ಭಯ. ಮೊಮ್ಮಕ್ಕಳೇ, ನೀವು ಊಟಕ್ಕೆ ಕುಳಿತಾಗ "ಆಯಿ, ನೀ ಸಾಲ್ಯಾಗ ಶ್ಯಾಣ್ಯಾಕಿ ಇದ್ದೇನ?" ಎಂದು ಸುಮ್ಮನೆ ಕೇಳಿದರೂ ನಾನು ಸೆರಗನ್ನು ಬಾಯಿಗೆ ಹಚ್ಚಿಕೊಂಡು, ರೊಟ್ಟಿ ಹೊತ್ತುತ್ತಿದೆ ಎಂಬ ನೆಪ ಹೇಳಿ ಒಳಗೆ ಹೋಗಿಬಿಡುತ್ತೇನೆ. ರನ್ನ ಬೆಳಗಲಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು. ಆ ಏಳೂ ವರ್ಷ ಕಂಬದ ಹಿಂದಿನ ಜಾಗ ನನ್ನದಾಗಿತ್ತು. ಮಾಸ್ತರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಪಾಟಿಯ ಮೇಲೆ ಬರೆದು ಪಕ್ಕದವಳಿಗೆ ತೋರಿಸುತ್ತಿದ್ದೆ. ಅವಳು ಎದ್ದು ಹೇಳಿ ಶಾಭಾಸ್ ಅನ್ನಿಸಿಕೊಳ್ಳುತ್ತಿದ್ದಳು. ನನಗೆ ಅದರಿಂದ ಹೊಟ್ಟೆಕಿಚ್ಚೇನೂ ಆಗುತ್ತಿರಲಿಲ್ಲ. ಸದ್ಯ, ನಾನು ನಿಲ್ಲುವುದು ತಪ್ಪಿತಲ್ಲ ಎಂದು ಸಮಾಧಾನವಾಗುತ್ತಿತ್ತು. ಇಂಥ ನಾನು ಒಮ್ಮೆ ವಿಧಾನಸಭೆಯಲ್ಲಿ ಮಂತ್ರಿಗಳಿಗೆ ಪ್ರಶ್ನೆ ಕೇಳಿದೆ, ಮಂತ್ರಿಗಳು ಅದಕ್ಕೆ ಕೊಟ್ಟ ಉತ್ತರವನ್ನೂ ನಾನೇ ಬರೆದೆ ಎಂದರೆ ನೀವು ನಗುತ್ತೀರಿ. ನಗಿರಿ. ಆದರೆ ಪೂರ್ತಿ ಓದಿ ನಗಿರಿ.

ನಿಮ್ಮ ಅಜ್ಜ ದನದ ಆಸ್ಪತ್ರೆಯಲ್ಲಿ ಜವಾನರಾಗಿದ್ದರು. ಅವರು ತೀರಿಕೊಂಡ ಮೇಲೆ ಆ ನೌಕರಿಯನ್ನು ಸರ್ಕಾರ ಅನುಕಂಪದ ಮೇಲೆ ನನಗೆ ಕೊಟ್ಟಿತು. ಅಷ್ಟರಲ್ಲಿ ಆಣೆಕಟ್ಟಿನ ಹಿನ್ನೀರು ನಮ್ಮ ಹಳೆಯ ಊರಿಗೆ ಬಂದದ್ದರಿಂದ ಊರನ್ನು ಎತ್ತಿ ಎರಿ ಹೊಲಗಳಾಚೆಯ ದಿಬ್ಬದ ಮೇಲೆ ಇಟ್ಟಿದ್ದರು. ಹಳೆಯ ಊರಿನ ಸಂದಿಗೊಂದಿಗಳಲ್ಲಿ ಯಾರ ಕಣ್ಣಿಗೂ ಬೀಳದೆ ನೀರು ತಂದು ಮನೆ ಸೇರುತ್ತಿದ್ದ ನನಗೆ ಹೊಸ ಊರಿನ ನೆಟ್ಟಗಿನ ಓಣಿಗಳು ದೊಡ್ಡ ಸಂಕಟವಾದವು. ಈ ತುದಿಯಲ್ಲಿ ಹೊರಟರೆ ಆ ತುದಿಯ ಕಟ್ಟೆಯ ಮೇಲೆ ಕುಳಿತವರು ನಾನು ಮುಟ್ಟುವವರೆಗೂ ನೋಡುತ್ತಿದ್ದರು. ಸರ್ಕಾರ ಹೊಸ ಊರಿಗೆ ಶಾಲೆ ಕೊಟ್ಟಿತು, ನೀರಿನ ಟಾಕಿ ಕೊಟ್ಟಿತು, ಫಲಕ ಹಚ್ಚಿದ ಪಶು ಚಿಕಿತ್ಸಾಲಯವನ್ನೂ ಕೊಟ್ಟಿತು. ಡಾಕ್ಟರನ್ನು ಕೊಡುವುದೊಂದು ಉಳಿಯಿತು. ಬೇರೆ ಊರಿನ ಡಾಕ್ಟರು ಪ್ರತಿ ಗುರುವಾರ ಬಂದು ನೋಡಿ ಹೋಗುತ್ತಿದ್ದರು. ಅವರಿಗೆ ಹೀಗೆ ನಾಲ್ಕು ಊರು. ಪಾಪ, ಅವರ ಮೋಟಾರ್ ಸೈಕಲ್ಲಿಗೂ ದಣಿವಾಗಿತ್ತು.

ಆದರೆ ಕುರಿಗಳು ಗುರುವಾರ ನೋಡಿ ಬೇನೆ ಬೀಳುವುದಿಲ್ಲ. ಸೋಮವಾರ ಹೊಟ್ಟೆ ಉಬ್ಬುತ್ತದೆ, ಮಂಗಳವಾರ ಗೊರಸು ಕೊಳೆಯುತ್ತದೆ. ಮಂದಿ ಕುರಿ ಹೊತ್ತುಕೊಂಡು ಬಂದು ಆಸ್ಪತ್ರೆಯ ಬಾಗಿಲಲ್ಲಿ ಇಳಿಸುತ್ತಿದ್ದರು. "ಡಾಕ್ಟರ್ ಇಲ್ಲರಿ" ಎಂದು ಜೋರಾಗಿ ಹೇಳುವುದೂ ನನ್ನಿಂದ ಆಗುತ್ತಿರಲಿಲ್ಲ. ತಲೆ ತಗ್ಗಿಸಿ ನಿಂತರೆ ಅವರೇ, "ನೀನೂ ಕುರುಬರ ಮಗಳ ಅಲ್ಲೇನ ಬೇ ಲಕ್ಕವ್ವ? ನಿಮ್ಮಪ್ಪ ಬೀರಪ್ಪ ದೇವರ ಹೆಸರ ಹೇಳಿ ಎಷ್ಟ ಕುರಿ ಬದುಕಿಸಿದಾನ! ಒಂದೀಟ ನೋಡ," ಎನ್ನುತ್ತಿದ್ದರು. ನೋಡುತ್ತಿದ್ದೆ. ಡಾಕ್ಟರು ಹೇಳಿಕೊಟ್ಟಷ್ಟು ಜಂತಿನ ಔಷಧ ಕುಡಿಸುತ್ತಿದ್ದೆ, ಗೊರಸು ತೊಳೆದು ಮುಲಾಮು ಹಚ್ಚುತ್ತಿದ್ದೆ. ಆಮೇಲೆ ರಜಿಸ್ಟರಿನಲ್ಲಿ ಮಾಲೀಕರ ಹೆಸರು, ಬೇನೆ, ಔಷಧ ಎಲ್ಲವನ್ನೂ ಮಾಸ್ತರು ಕಲಿಸಿದ ದುಂಡು ಅಕ್ಷರಗಳಲ್ಲಿ ಬರೆಯುತ್ತಿದ್ದೆ. ಕೊಟ್ಟವರು ಯಾರು ಎಂಬ ಕಾಲಂ ಆ ರಜಿಸ್ಟರಿನಲ್ಲಿ ಇರಲಿಲ್ಲ. ಗುರುವಾರ ಡಾಕ್ಟರು ಬಂದು ಎಲ್ಲ ಪುಟಗಳ ಕೆಳಗೆ ಒಂದೇ ಉಸಿರಿನಲ್ಲಿ ಸಹಿ ಮಾಡಿ, "ನಿಮ್ಮಂಗ ಛಲೋ ರಜಿಸ್ಟರ್ ಇಡೂರು ಇಡೀ ತಾಲೂಕಿನ್ಯಾಗ ಇಲ್ಲ ನೋಡ್ರಿ" ಎನ್ನುತ್ತಿದ್ದರು. ಶಾಲೆಯಲ್ಲಿ ಸಿಗದ ಶಾಭಾಸ್ ಇಲ್ಲಿ ಸಿಕ್ಕಿತೆಂದು ನಾನು ಇನ್ನಷ್ಟು ಅಂದವಾಗಿ ಬರೆಯುತ್ತಿದ್ದೆ. ಆ ಅಂದವೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಒಂದು ಶನಿವಾರ ಎದುರು ಮನೆಯ ಮಾಳವ್ವ ತನ್ನ ಕುರಿಯನ್ನು ತಂದಳು. ಅವಳಿಗಿದ್ದವು ಎಲ್ಲ ಸೇರಿ ನಾಲ್ಕು ಕುರಿ. ಇದು ಈಯಲು ಒದ್ದಾಡುತ್ತಿತ್ತು, ಮರಿ ಹೊಟ್ಟೆಯೊಳಗೆ ಅಡ್ಡ ತಿರುಗಿತ್ತು. ಕಿರಾಣಿ ಅಂಗಡಿಯ ಫೋನಿನಿಂದ ಡಾಕ್ಟರ ಮನೆಗೆ ಹಚ್ಚಿದರೆ, ಅವರು ಬೇರೊಂದು ಊರಿನಲ್ಲಿ ಎಮ್ಮೆಯ ಹೊಟ್ಟೆ ಹೊಲಿಯುತ್ತಿದ್ದಾರೆ ಎಂದರು. ಕೈಗೆ ಎಣ್ಣೆ ಹಚ್ಚಿಕೊಂಡು ನನ್ನಪ್ಪ ಮಾಡುತ್ತಿದ್ದ ಹಾಗೆ ನಾನೂ ಮಾಡಿ ನೋಡಿದೆ. ಆಗಲಿಲ್ಲ. ಮರಿಯೂ ಹೋಯಿತು, ಕುರಿಯೂ ಹೋಯಿತು. ಮಾಳವ್ವ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಂದು ಸಂಜೆ ರಜಿಸ್ಟರ್ ತೆಗೆದು ಕುಳಿತೆ. ಬರೆಯಲು ಕೈ ಬರಲಿಲ್ಲ. ಸತ್ತ ಕುರಿಯನ್ನು ಬರೆದರೆ, ಯಾರ ಕೈಯಲ್ಲಿ ಸತ್ತಿತು ಎಂದು ಕೇಳುತ್ತಾರೆ. ಕೇಳಿದರೆ ನಾನು ಹೇಳಬೇಕು. ರಜಿಸ್ಟರ್ ಮುಚ್ಚಿಟ್ಟೆ.

ಆದರೆ ಒಳಗೆ ಕುದಿಯುತ್ತಿತ್ತು. ಅದೇ ವಾರ ಶಾಸಕರು ನಮ್ಮೂರಿಗೆ ಸಮುದಾಯ ಭವನದ ಅಡಿಗಲ್ಲು ಹಾಕಲು ಬರುವವರಿದ್ದರು. ನಾನು ಒಂದು ಹಾಳೆಯಲ್ಲಿ, ಊರಿಗೆ ಡಾಕ್ಟರು ಬೇಕು, ವಾರದ ಆರು ದಿನ ನಮ್ಮ ಕುರಿಗಳಿಗೆ ದಿಕ್ಕಿಲ್ಲ ಎಂದು ಬರೆದು, ಕೆಳಗೆ "ಇಂತಿ ಊರಿನ ಹೆಣ್ಣುಮಕ್ಕಳು" ಎಂದು ಹಾಕಿದೆ. ಅದನ್ನು ಮಾಳವ್ವನ ಆರತಿ ತಟ್ಟೆಯಲ್ಲಿ ಎಲೆಯಡಿಕೆಯ ಕೆಳಗೆ ಮಡಚಿಟ್ಟು ಅವಳನ್ನು ಮುಂದೆ ನೂಕಿದೆ. ಅದೇ ಪಾಟಿಯ ಉಪಾಯ! ಶಾಸಕರು ಎಲೆಯಡಿಕೆಯ ಜೊತೆಗೆ ಅರ್ಜಿಯನ್ನೂ ತೆಗೆದುಕೊಂಡು ಜೇಬಿಗಿಳಿಸಿದರು. ಇನ್ನು ಅದು ಧೋಬಿಯ ಪಾಲು ಎಂದುಕೊಂಡು ನಾನು ಮರೆತೆ.

ಮಳೆಗಾಲ ಕಳೆದು ಒಂದು ಮುಂಜಾನೆ ತಾಲೂಕು ಕಚೇರಿಯ ಗುಮಾಸ್ತ ಬಸಪ್ಪನವರು ಸ್ಕೂಟರಿನ ಮೇಲೆ ಬೆವರಿಳಿಸುತ್ತ ಬಂದರು. ಬಂದವರೇ ಚಹಾ ಸಹ ಕೇಳದೆ, "ಅಕ್ಕಾರ, ರಜಿಸ್ಟರ್ ತಗೀರಿ ಲಗೂ. ಅಸೆಂಬ್ಲಿ ಪ್ರಶ್ನೆ ಬಂದೈತಿ. ಅದೂ ಚುಕ್ಕಿ ಗುರುತಿಂದು!" ಎಂದರು. ಚುಕ್ಕೆ ಗುರುತು ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಚುಕ್ಕೆ ಇದ್ದರೆ ಮಂತ್ರಿಗಳೇ ಸಭೆಯಲ್ಲಿ ಎದ್ದು ನಿಂತು ಬಾಯಿಂದ ಉತ್ತರ ಹೇಳಬೇಕು, ಮೇಲೊಂದು ಮರುಪ್ರಶ್ನೆ ಕೇಳಿದರೆ ಅದಕ್ಕೂ ಹೇಳಬೇಕು ಎಂದು ಅವರು ವಿವರಿಸಿದರು. ಮಂತ್ರಿಗಳ ಮೇಲೆ ನನಗೆ ಬಹಳ ಮರುಕ ಹುಟ್ಟಿತು. ಅವರಿಗೆ ಕಂಬದ ಹಿಂದೆ ಕೂಡುವ ಅನುಕೂಲವಾದರೂ ಇದೆಯೋ ಇಲ್ಲವೋ.

ಆಮೇಲೆ ಬಸಪ್ಪನವರು ಕಾಗದ ಬಿಚ್ಚಿ ಓದಿದರು. ನಮ್ಮೂರಿನ ಚಿಕಿತ್ಸಾಲಯದ ವೈದ್ಯರ ಹುದ್ದೆ ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಇದರಿಂದ ಜಾನುವಾರುಗಳಿಗೆ ಆಗಿರುವ ತೊಂದರೆಗಳೇನು? ಹುದ್ದೆಯನ್ನು ಯಾವಾಗ ತುಂಬಲಾಗುವುದು? ಆ ಕಾಗದದ ಹಿಂದೆ ಟಾಚಣಿ ಚುಚ್ಚಿ ಇಟ್ಟಿದ್ದ ನಕಲು ಪ್ರತಿಯನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನನ್ನದೇ ದುಂಡು ಅಕ್ಷರ! ನನ್ನ ಅರ್ಜಿ ಆರತಿ ತಟ್ಟೆಯಿಂದ ಎದ್ದು ಬೆಂಗಳೂರಿಗೆ ಹೋಗಿ, ಮಂತ್ರಿಗಳ ಕಚೇರಿಯಿಂದ ದೊಡ್ಡ ಸಾಹೇಬರಿಗೆ, ಅವರಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಇಳಿದು, ಉತ್ತರ ಕೇಳಲು ತಿರುಗಿ ನನ್ನ ಮೇಜಿಗೇ ಬಂದಿತ್ತು. ನಮ್ಮ ರಜಿಸ್ಟರಿನಲ್ಲಿ ಏನಿದೆಯೋ ಅದೇ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತಿ ಮಂತ್ರಿಗಳ ಬಾಯಿ ಸೇರುತ್ತದಂತೆ. ಸಂಜೆ ನಾಲ್ಕರೊಳಗೆ ಹತ್ತಬೇಕು.

ಬಸಪ್ಪನವರು ಅರ್ಜಿಯನ್ನೂ ರಜಿಸ್ಟರನ್ನೂ ಅಕ್ಕಪಕ್ಕ ಇಟ್ಟುಕೊಂಡೇ ಕುಳಿತರು. ಈಗ ಗುರುತು ಹಿಡಿಯುತ್ತಾರೆ, ಈಗ ಹಿಡಿಯುತ್ತಾರೆ ಎಂದು ನಾನು ಗೋಡೆಗೆ ಅಂಟಿಕೊಂಡು ನಿಂತೆ. ಅವರಿಗೆ ಅಕ್ಷರ ನೋಡುವಷ್ಟು ವ್ಯವಧಾನ ಎಲ್ಲಿಯದು? ಬೆರಳು ಓಡಿಸುತ್ತ ಪುಟ ತಿರುವಿ, "ಭೇಷ್! ಇಷ್ಟ್ ಕುರಿಗೆ ಔಷಧ ಆಗೇತಿ, ಒಂದರೆ ಸತ್ತಿದ್ದ ದಾಖಲಿ ಇಲ್ಲ. ಆತು, ನಮ್ಮ ಕೆಲಸ ಹಗುರಾತು," ಎಂದು ಉತ್ತರ ಬರೆದೇ ಬಿಟ್ಟರು. ಗಮನಕ್ಕೆ ಬಂದಿದೆ. ಚಿಕಿತ್ಸೆ ಸಮರ್ಪಕವಾಗಿ ನಡೆಯುತ್ತಿದ್ದು ಯಾವುದೇ ತೊಂದರೆ ಆಗಿರುವುದಿಲ್ಲ. ಆದ್ದರಿಂದ ಕೊನೆಯ ಪ್ರಶ್ನೆ ಉದ್ಭವಿಸುವುದಿಲ್ಲ. ನನ್ನ ಪ್ರಶ್ನೆಯನ್ನು ನನ್ನ ರಜಿಸ್ಟರೇ ಕೊಂದುಹಾಕಿತು. ನಾನು ಬಾಯಿ ತೆರೆದೆ. ತೆರೆದು, "ಚಾ ಕುಡೀತೀರೇನ್ರಿ?" ಎಂದೆ.

ಅಂದಿನಿಂದ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ, ಊಟವೂ ರುಚಿಸಲಿಲ್ಲ. ನಿಜ ಹೇಳಿದರೆ ಔಷಧ ಕೊಟ್ಟಿದ್ದಕ್ಕೆ ನೌಕರಿ ಹೋಗುತ್ತದೆ. ಆಗ ನಿಮ್ಮ ಅಪ್ಪ ಜಮಖಂಡಿಯಲ್ಲಿ ಓದುತ್ತಿದ್ದ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಹೇಳದಿದ್ದರೆ ಊರಿಗೆ ಡಾಕ್ಟರು ಎಂದೆಂದಿಗೂ ಬರುವುದಿಲ್ಲ. ಮಾಳವ್ವನ ಉಳಿದ ಮೂರು ಕುರಿಗಳಲ್ಲಿ ಒಂದು ಮತ್ತೆ ಗಬ್ಬವಾಗಿತ್ತು. ಅದು ದಿನಾ ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ ನನ್ನತ್ತ ನೋಡುತ್ತಿತ್ತು. ಕುರಿ ಎಲ್ಲರನ್ನೂ ಹಾಗೆಯೇ ನೋಡುತ್ತದೆ. ಆದರೂ ನಾನು ಕಣ್ಣು ತಪ್ಪಿಸುತ್ತಿದ್ದೆ.

ಎಂಟು ದಿನಕ್ಕೆ ಬಸಪ್ಪನವರು ಮತ್ತೆ ಬಂದರು. ಈ ಸಲ ಬೆವರು ಇನ್ನೂ ಹೆಚ್ಚು. "ನಮ್ಮ ಶಾಸಕ ಸಾಹೇಬ್ರು ಸುಮ್ನ ಕೂತಿಲ್ರಿ ಅಕ್ಕಾರ. ಎದ್ದ ನಿಂತು, ಡಾಕ್ಟರ್ ಬರೂದು ವಾರಕ್ಕ ಒಂದ ದಿನ, ಉಳದ ಆರ ದಿನ ಔಷಧ ಕೊಡಾಂವ ಯಾಂವ, ಮಂತ್ರಿಗಳ ಹೇಳ್ರಿ ಅಂದಾರ. ಸಭಾದಾಗ ಎಲ್ಲಾರೂ ನಕ್ಕಾರಂತ. ಮಂತ್ರಿಗಳು, ಮಾಹಿತಿ ತರಿಸಿ ಕೊಡ್ತೇನಿ ಅಂದ ಕೂತಾರ. ಈಗ ನೀವ ಹೇಳ್ರಿ, ಯಾರ ಕೊಟ್ಟಾರ?"

ನಾನು ಅವರ ಕೈಯಿಂದ ಹಾಳೆ ತೆಗೆದುಕೊಂಡು, ಪಾಟಿಯ ಮೇಲೆ ಬರೆಯುತ್ತಿದ್ದ ಹುಡುಗಿಯ ಹಾಗೆ ತಿರುಗಿ ಕುಳಿತು ಬರೆದೆ. ಆರು ದಿನ ಔಷಧ ಕೊಟ್ಟವಳು ನಾನು, ಜವಾನಳು. ಮಾಳವ್ವ ಎಂಬುವವರ ಕುರಿ ಮತ್ತು ಮರಿ ಹೆರಿಗೆಯಲ್ಲಿ ಸತ್ತಿವೆ, ನಾನು ದಾಖಲು ಮಾಡಿಲ್ಲ. ವೈದ್ಯರು ಇದ್ದಿದ್ದರೆ ಬದುಕುತ್ತಿದ್ದವು. ಬರೆದು ಅವರ ಮುಂದಿಟ್ಟು, ನೀರು ಕುಡಿಯುವ ನೆಪದಿಂದ ಒಳಗೆ ಹೋಗಿ ಬಾಗಿಲ ಹಿಂದೆ ನಿಂತೆ. ಬಸಪ್ಪನವರು ಓದಿದರು. ಆಮೇಲೆ, "ಅಕ್ಕಾರ, ಇದನ್ನ ಕಳಸಿದ್ರ ನಿಮ್ಮ ನೌಕರಿಗೆ ಸಂಚಕಾರ ಐತಿ. ವಿಚಾರ ಮಾಡೀರೇನ?" ಎಂದು ಕೇಳಿದರು. ಮತ್ತೆ, "ಹರದ ಒಗೀಲೇನ?" ಎಂದರು. ಬಾಗಿಲ ಸಂದಿಯಿಂದ ಕೈ ಹೊರಗೆ ಚಾಚಿ ಬೇಡ ಎಂದು ಆಡಿಸಿದೆ. ಸರ್ಕಾರಕ್ಕೆ ನಾನು ಕೊಟ್ಟ ನೇರ ಉತ್ತರವೆಂದರೆ ಆ ಕೈ ಒಂದೇ. ಸ್ಕೂಟರ್ ಹೋದ ಸಪ್ಪಳ ಕೇಳಿದ ಮೇಲೆ ಕುಳಿತು ಅತ್ತೆ.

ಒಂದೇ ದಿನದ ಟಪಾಲಿನಲ್ಲಿ ಎರಡು ಲಕೋಟೆ ಬಂದವು. ಒಂದು ನನಗೆ ಕಾರಣ ಕೇಳಿ ನೋಟೀಸು. ಇನ್ನೊಂದು ಡಾಕ್ಟರರ ನೇಮಕದ ಆದೇಶದ ಪ್ರತಿ. ನೋಟೀಸಿಗೆ ತಪ್ಪಾಯಿತು ಎಂದು ಬರೆದುಕೊಟ್ಟೆ. ಎಚ್ಚರಿಕೆ ಕೊಟ್ಟು ಬಿಟ್ಟರು. ಡಾಕ್ಟರು ಬಂದರು. ತೇರದಾಳದ ಕಡೆಯ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಸ್ಸಿನಿಂದ ಇಳಿದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಾಳವ್ವನ ಕುರಿಯ ಹೆರಿಗೆ ಮಾಡಿಸಿದರು. ಎರಡು ಮರಿ, ಎರಡೂ ಗಟ್ಟಿ. ಆಮೇಲೆ ಕೈ ತೊಳೆದುಕೊಂಡು ಕುಳಿತು ನನ್ನ ರಜಿಸ್ಟರನ್ನು ಮೊದಲ ಪುಟದಿಂದ ಓದಿದರು.

ಅಂದೇ ಸಂಜೆ ಶಾಸಕರಿಗೆ ಊರಲ್ಲಿ ಸನ್ಮಾನವಿತ್ತು. ಶಾಲು ಹೊದಿಸಿದ ಮೇಲೆ ಅವರು ಜೇಬಿನಿಂದ ನನ್ನ ಅರ್ಜಿ ತೆಗೆದು ಎತ್ತಿ ಹಿಡಿದರು. "ಈ ಡಾಕ್ಟರ್ ಬಂದದ್ದು ನನ್ನಿಂದಲ್ಲ, ಇದನ್ನ ಬರದ ತಾಯಿಯಿಂದ. ಯಾರವ್ವ ಅಕಿ? ಮುಂದ ಬಾ ತಾಯಿ, ಶಾಲ ನಿನಗ ಹೊಚ್ಚತೇನಿ," ಎಂದರು. ನಾನು ಹೆಂಗಸರ ನಡುವೆ ತಲೆ ತಗ್ಗಿಸಿ ಸಣ್ಣಗಾದೆ. ಮಾಳವ್ವ ತೊಡೆ ಚಿವುಟಿ, "ಏಳ ಬೇ, ನಿನ್ನ ಹೆಣಾ ಎತ್ತಲಿ!" ಎಂದಳು. ಏಳಲಿಲ್ಲ. ಶಾಸಕರು ಅರ್ಜಿಯನ್ನು ಪಕ್ಕದಲ್ಲಿದ್ದ ಡಾಕ್ಟರ್‌ಬಾಯಿಗೆ ಕೊಟ್ಟು, "ನಿಮಗೇನರೆ ಗೊತ್ತೈತೇನ್ರಿ?" ಎಂದು ಕೇಳಿದರು. ಅವರು ಹಾಳೆ ನೋಡಿದರು. ನೋಡುತ್ತಲೇ ಇದ್ದರು. ಆ ದುಂಡು ಅಕ್ಷರಗಳನ್ನು ಅವರು ಮಧ್ಯಾಹ್ನವೆಲ್ಲ ಓದಿದ್ದರು. ತಲೆಯೆತ್ತಿ ನೆಟ್ಟಗೆ ನನ್ನನ್ನೇ ನೋಡಿದರು. ನಾನು ಕೈ ಮುಗಿದು, ಸೆರಗಿನೊಳಗಿಂದಲೇ ಹೇಳಬೇಡಿ ಎಂದು ತಲೆ ಅಲ್ಲಾಡಿಸಿದೆ.

"ನನ್ನ ಗಮನಕ್ಕ ಬಂದಿಲ್ರಿ ಸರ್," ಎಂದರು ಅವರು.

ಹೀಗೆ, ಅಷ್ಟು ಕಷ್ಟಪಟ್ಟು ಊರಿಗೆ ತರಿಸಿದ ಡಾಕ್ಟರಿಗೆ ಬಂದ ಮೊದಲ ದಿನವೇ ಸರ್ಕಾರಿ ಉತ್ತರ ಕೊಡುವುದನ್ನು ಕಲಿಸಿದವಳು ನಿಮ್ಮ ಆಯಿ. ಶಾಲು ಶಾಸಕರ ಸಂಗಡವೇ ಹೋಯಿತು. ಈಗ ಚಳಿಗಾಲದಲ್ಲಿ ಹೆಗಲು ನಡುಗುವಾಗ ಒಮ್ಮೊಮ್ಮೆ, ಎದ್ದು ನಿಂತಿದ್ದರೆ ಏನಾಗುತ್ತಿತ್ತು ಎಂದುಕೊಳ್ಳುತ್ತೇನೆ. ಅದನ್ನೂ ಬಾಯಿಬಿಟ್ಟು ಕೇಳಿಕೊಳ್ಳಲು ಧೈರ್ಯವಾಗದೆ, ನೋಡಿ, ಬರೆದು ನಿಮ್ಮ ಮುಂದೆ ನೂಕುತ್ತಿದ್ದೇನೆ.